ಅಕ್ಕಾರು ಹಂಚಿದ ಸಂಬಂಧಗಳು

ನನ್ನ ಗಂಡನ ಅಕ್ಕನ ಎದುರು ಯಾರೇ ಆಗಲಿ, ಬರೀ ಮನುಷ್ಯರಾಗಿ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲಲಾರರು! ಅಷ್ಟರೊಳಗೆ ಅವರು ಕಾಕಾ ಆಗಿರುತ್ತಾರೆ, ಚಿಗವ್ವ ಆಗಿರುತ್ತಾರೆ, ಪಾಪ, ಕೆಲವರು ಬೀಗರೂ ಆಗಿಬಿಟ್ಟಿರುತ್ತಾರೆ. ಸಾಕ್ಷಾತ್ ಯಮಧರ್ಮನೇ ಬಂದು ಬಾಗಿಲು ಬಡಿದರೂ “ನಿಮ್ಮ ತಾಯಿ ತವರು ಯಾವೂರ್ರಿ?” ಎಂದು ಕೇಳಿ, ಏನೋ ಒಂದು ನಂಟು ಜೋಡಿಸಿ, ಅವನ ಕೋಣಕ್ಕೂ ಒಂದು ಹಿಡಿ ಹಿಂಡಿ ಇಡುವವರು ಅವರು.

ನಾನು ನಾಲ್ಕನೇ ಇಯತ್ತೆ ಓದಿದವಳು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಸಂತೋಷ ಹೆಚ್ಚಾಗಿದ್ದರೆ ಮಾತ್ರ ತಿದ್ದಬೇಡಿ, ಹಾಗೇ ಇರಲಿ. ಮನೆಗೆ ಮೊಮ್ಮಗಳು ಬಂದಿದ್ದಾಳೆ! ಅಂಥ ಮೂಗು ಇಡೀ ಹೈದರಾಬಾದಿನಲ್ಲಿ ಇನ್ನೊಂದಿಲ್ಲ. ಇರಲಿ, ಮೂಗಿನ ಮಾತು ಆಮೇಲೆ. ಮೊದಲು ಅಕ್ಕಾರ ಮಾತು.

ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತೇವೆ. ಅವರು ಮಾತ್ರ ನನ್ನನ್ನು, ಅರವತ್ತು ದಾಟಿದ ಈ ಮುದುಕಿಯನ್ನು, ಇವತ್ತಿಗೂ “ಏ ಹುಡುಗಿ” ಎಂದೇ ಕರೆಯುವುದು. ಕೇಳಲು ಹಿತವಾಗಿಯೇ ಇರುತ್ತದೆ, ಸುಳ್ಳೇಕೆ ಹೇಳಲಿ!

ಒಮ್ಮೆ ಮೆಹದಿಪಟ್ಟಣಂ ಸಂತೆಯಿಂದ ಆಟೋದಲ್ಲಿ ಬರುತ್ತಿದ್ದೆವು. ಅಕ್ಕಾರು ಹಿಂದಿನಿಂದ ಆಟೋದವನ ಭುಜ ತಟ್ಟಿ ಅವನ ತಾಯಿಯ ಊರು ಕೇಳಿದರು. “ಬೇಟಾ, ತುಮಾರಿ ಅಮ್ಮಾ ಕಿಧರ್ ಕಿ?”

“ಗದ್ವಾಲ್ ಕಿ, ಅಮ್ಮಾ.”

ಮುಗಿಯಿತು ಅವನ ಕಥೆ! ಅಕ್ಕಾರ ತವರು ರಾಯಚೂರು, ಗದ್ವಾಲ ಅದರ ಮಗ್ಗುಲಿಗೇ ಇದೆ. ಅಂದಮೇಲೆ ಅವನ ತಾಯಿ ಅಕ್ಕಾರಿಗೆ ತಂಗಿ, ಇವರು ಅವನಿಗೆ ಖಾಲಾ! ತಂಗಿಯ ಮಗನನ್ನು ಬಾಗಿಲಿಂದಲೇ ಕಳಿಸುವುದುಂಟೇ? ಮಣಿಕೊಂಡದ ನಮ್ಮ ಮನೆಗೆ ಕರೆತಂದು ರೊಟ್ಟಿ, ಪುಂಡಿಪಲ್ಯ ಉಣಿಸಿಯೇ ಬಿಟ್ಟರು. ಅವನು ತಪ್ಪಿಸಿಕೊಂಡು ಓಡುತ್ತಾನೆ ಎಂದುಕೊಂಡಿದ್ದೆ. ಎಲ್ಲಿ! ಈಗ ವಾರಕ್ಕೊಮ್ಮೆ ತಾನೇ ಬಂದು ಗಂಟೆ ಒತ್ತಿ, ಇವತ್ತೇನು ಸಾರು ಎಂದು ಕೇಳುತ್ತಾನೆ. “ಖಾಲಾ, ಆಜ್ ಸಾಲನ್ ಕ್ಯಾ ಹೈ?”

ಮೇಲಿನ ಮಹಡಿಯಲ್ಲಿ ಒಬ್ಬರು ದೊಡ್ಡ ಅಧಿಕಾರಿಗಳಿದ್ದಾರೆ. ಅಪಾರ್ಟ್‌ಮೆಂಟಿನವರೆಲ್ಲ ಅವರಿಗೆ ಸರ್, ಸರ್ ಎನ್ನುತ್ತಾರೆ. “ಸರ್ ಅನ್ನೂದು ಯಾವ ಸಂಬಂಧವಾ? ತಾಯಿ ಕಡಿದೊ, ತಂದಿ ಕಡಿದೊ?” ಎಂದು ಅಕ್ಕಾರು ತಲೆಕೆಡಿಸಿಕೊಂಡರು. ಆ ಅಧಿಕಾರಿಗಳ ಹೆಂಡತಿ ಯಾದಗಿರಿಯ ಹೆಣ್ಣುಮಗಳೆಂದು ಗೊತ್ತಾದದ್ದೇ ತಡ, ಲಿಫ್ಟಿನೊಳಗೆ, ಅವರ ಆಫೀಸಿನ ನಾಲ್ಕು ಜನರ ಮುಂದೆ, ಆ ಬೋಳು ತಲೆಯ ಹಿರಿಯರನ್ನು ಕೇಳಿಯೇಬಿಟ್ಟರು: “ಅಳಿಯಂದ್ರ, ಮಂಡಿಗೆ ಎಣ್ಣಿ ಹಚ್ಚಾಕತ್ತೀರೋ ಇಲ್ಲೋ?”

ಅವತ್ತಿನಿಂದ ಅವರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತತೊಡಗಿದರು. ಈಗ ಮಂಡಿನೋವೇ ಇಲ್ಲವಂತೆ! “ನೋಡಿದ್ಯಾ, ನನ್ನ ಅಳಿಯಾ!” ಎಂದು ಅಕ್ಕಾರು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾರೆ.

ಇಂಥವರ ಮನೆಯಲ್ಲಿ ಒಂದು ಕೂಸು ಹುಟ್ಟಿದರೆ ಏನಾಗಬೇಕು ಹೇಳಿ? ಆಸ್ಪತ್ರೆಯಲ್ಲಿ ಅದು ಕಣ್ಣು ಬಿಡುವ ಮೊದಲೇ ಅಕ್ಕಾರು ಅದರ ಪರವಾಗಿ ಸಂಬಂಧ ಹಂಚಲು ಕೂತರು. ನನ್ನ ಸೊಸೆ ಉಪ್ಪಲಿನ ತೆಲುಗು ಹುಡುಗಿ. ಹಾಗಾಗಿ ಅವಳ ತಾಯಿಗೆ ‘ಅಮ್ಮಮ್ಮ’ ಸಿಕ್ಕಿತು. ನನ್ನ ಯಜಮಾನರಿಗೆ ‘ತಾತ’. ಕೂಸು ಮಲಗಿಸುವ ಬಟ್ಟೆಯ ಜೋಳಿಗೆ ಕಟ್ಟಲು ಬಂದ ಹೆಣ್ಣುಮಗಳಿಗೂ ಒಂದು ‘ದೊಡ್ಡವ್ವ’ ದಕ್ಕಿತು!

“ಮತ್ತ ನನಗರೀ?” ಎಂದೆ. ಬಾಯಲ್ಲಿ ನೀರೂರುತ್ತಿತ್ತು.

“ನಿನಗ ‘ಆಯಿ’.”

ಆಯಿ ಎಂದರೂ ನಮ್ಮ ಕಡೆ ಅಜ್ಜಿಯೇ. ಆದರೆ ನನಗೆ ಬೇಕಾಗಿದ್ದದ್ದು ‘ಅಜ್ಜಿ’! ನನ್ನ ಅವ್ವನ ಅವ್ವನನ್ನು ನಾನು ಕರೆಯುತ್ತಿದ್ದದ್ದು ಹಾಗೆ. ಮಗನ ಮದುವೆಯಾದ ದಿನದಿಂದ ನಾನು ಕಾದದ್ದು ಆ ಒಂದು ಶಬ್ದಕ್ಕೆ. ಸೊಸೆ, ವೈನಿ, ಅತ್ತಿ, ಎಲ್ಲಾ ಆಗಿ ಮುಗಿದಿತ್ತು. ಇನ್ನು ಉಳಿದದ್ದು ಅದೊಂದೇ ಅಲ್ಲವೇ?

“ಅಜ್ಜಿ ಅನ್ನಲಿ ಬಿಡ್ರಿ, ಅಕ್ಕಾರ.”

“ಅಜ್ಜಿ ಅನ್ನಿಸ್ಕೊಳ್ಳೂ ಮಾರಿ ಏನ ನಿಂದು? ತಲ್ಯಾಗ ಇನ್ನೂ ಕರಿ ಕೂದ್ಲ ಅದಾವ!”

“ಅದು ಬಣ್ಣ ಹಚ್ಚಿದ್ದರೀ!”

“ಮೊದ್ಲ ತೊಳಕೊಂಡ ಬಾ ಹೋಗು.”

ತೊಳೆದುಕೊಂಡೆ ಅಂತೀರಾ? ಅವತ್ತೇ ಬಣ್ಣದ ಡಬ್ಬಿ ಎಸೆದುಬಿಟ್ಟೆ! ಹೆಸರಿಡುವ ಹೊತ್ತಿಗೆ ನನ್ನ ಬೈತಲೆಯಲ್ಲಿ ಬಿಳಿಯ ಹೆದ್ದಾರಿಯೇ ಬಿದ್ದಿತ್ತು. ಆದರೂ ಅಕ್ಕಾರು ಜಪ್ಪಯ್ಯ ಅನ್ನಲಿಲ್ಲ. “ಆಯೀ, ಚಹಾ ತಾ,” ಎಂದು ಕೂಸಿನ ಪರವಾಗಿ ತಾವೇ ಕರೆದು ನನಗೆ ರೂಢಿ ಮಾಡಿಸತೊಡಗಿದರು. ಜಗಳ ಎಷ್ಟಾಯಿತು ಎಂದರೆ, ನನ್ನ ಯಜಮಾನರು “ನೀವಿಬ್ರೂ ನನಗ ಏನೂ ಆಗಬ್ಯಾಡ್ರೆವ್ವಾ” ಎಂದು ಕೈಮುಗಿದು ಬಾಲ್ಕನಿಗೆ ಹೋಗಿ ಕೂತರು.

ಹೆಸರಿಡುವ ದಿನ ಬಂತು. ನಮ್ಮಲ್ಲಿ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ನನ್ನ ಮಗನಿಗೆ ಅಕ್ಕತಂಗಿಯರಿಲ್ಲ. “ಅವರಪ್ಪಗೂ ನಾನಽ ಕುರ್ರ್ ಅಂದಿದ್ದೆ, ಇಕಿಗೂ ನಾನಽ” ಎಂದು ಅಕ್ಕಾರು ಸೆರಗು ಸಿಕ್ಕಿಸಿ ಬಗ್ಗಿದರು. ಗುದ್ದು ಶುರುವಾಯಿತು. ನಾನಂತೂ ಒಂದು ತಿಂಗಳ ಸಿಟ್ಟನ್ನೆಲ್ಲ ಸೇರಿಸಿ ಗುದ್ದಿದೆ!

ಹೆಸರು ಹೇಳಿ ಏಳಬೇಕಲ್ಲ? ಅಕ್ಕಾರು ಏಳಲಿಲ್ಲ. ಇನ್ನೂ ಏನೋ ಪಿಸುಗುಡುತ್ತಲೇ ಇದ್ದಾರೆ. ಎಲ್ಲರೂ ನಗುನಗುತ್ತಾ ಗುದ್ದುತ್ತಲೇ ಇದ್ದಾರೆ. ನಾನು ತಾಳಲಾರದೆ ಕಿವಿಗೊಟ್ಟು ಬಗ್ಗಿದೆ.

“...ಅಕಿ ಅಮ್ಮಮ್ಮ. ಮೀಸಿ ಇದ್ದಾಂವ ತಾತ. ಈಗ ನನ್ನ ಜೋರ ಗುದ್ದಾಕತ್ತಾಳಲ್ಲ, ಅಕಿ ಆಯಿ, ಭಾಳ ಒಳ್ಳೇಕಿ. ಮತ್ತ ನಾ...” ಅಕ್ಕಾರು ಅಲ್ಲಿಗೆ ನಿಂತರು. “ನಾ... ನಾ ಇಲ್ಲೇ ಇರ್ತೀನವಾ.”

ನನ್ನ ಕೈ ಎತ್ತಿದಲ್ಲೇ ನಿಂತಿತು.

ಊರಿಗೆಲ್ಲ ಸಂಬಂಧ ಹಂಚಿದವರು ತಮ್ಮ ಪಾಲಿಗೆ ಒಂದು ಶಬ್ದ ಇಟ್ಟುಕೊಂಡಿರಲಿಲ್ಲ. ‘ಅಜ್ಜಿ’ಯನ್ನು ಯಾರಿಗೂ ಕೊಟ್ಟಿರಲಿಲ್ಲ, ತಮಗಾಗಿ ಅದನ್ನು ಕೇಳುವ ಧೈರ್ಯವೂ ಬಂದಿರಲಿಲ್ಲ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆಯಾದಾಗ ನಮ್ಮ ಮನೆಗೆ ಬಂದವರು ಅವರು. ನಾನು ಹೊಲಿಗೆ ಅಂಗಡಿಗೆ ಹೋದರೆ ನನ್ನ ಮಗನನ್ನು ಕಾಲ ಮೇಲೆ ಹಾಕಿಕೊಂಡು ಎರೆದವರು, ಉಣಿಸಿದವರು. ಅವನು ಮೊದಲ ಸಲ ‘ಅವ್ವಾ’ ಎಂದದ್ದು ಅವರನ್ನು ನೋಡಿಯಂತೆ. “ನಾ ಅವ್ವ ಅಲ್ಲೋ, ಅತ್ತಿ” ಎಂದು ಅವರೇ ತಿದ್ದಿದ್ದನ್ನು ಆಗಿನ ನೆರೆಮನೆಯವರು ನನಗೆ ಹೇಳಿದ್ದರು. ನಾನು ಕೇಳಿ ನಕ್ಕುಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ತೊಟ್ಟಿಲಲ್ಲಿ ಕೂಸು ಅಳತೊಡಗಿತು. ಅಕ್ಕಾರು ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದರು. ನಾನು ಅಡುಗೆಮನೆಯಿಂದಲೇ ದನಿ ಎತ್ತಿ ಕೂಗಿದೆ:

“ಅಜ್ಜೀ! ಕೂಸು ಎದ್ದೈತಿ, ಎತ್ತಿಕೊಳ್ರಿ!”

ಅಕ್ಕಾರು ತಿರುಗಿ ನೋಡಿದರು. ನನ್ನನ್ನಲ್ಲ, ತಮ್ಮ ಹಿಂದೆ ಯಾರು ಬಂದು ನಿಂತಿದ್ದಾರೆಂದು. ಅಲ್ಲಿ ಯಾರೂ ಇರಲಿಲ್ಲ. ಹಗ್ಗದ ಮೇಲೆ ಕೂಸಿನ ಲಂಗೋಟಿಗಳಷ್ಟೇ ಹಾರಾಡುತ್ತಿದ್ದವು.