ಖಡ್ಗಮೃಗ ಕುಣಿದ ಹಾಡು

ಅಂದು ಬೆಳಿಗ್ಗೆ ವೆಂಡೆಲ್ ಕ್ರುಪ್ಕನ ಖಡ್ಗಮೃಗ ತಪ್ಪು ಹಾಡಿಗೆ ಕುಣಿಯಿತು.

ಸಿನಿಮಾ ಸ್ಟುಡಿಯೋಗಳ ಊರಾದ ಬರ್ಬ್ಯಾಂಕಿನಲ್ಲಿ ಕಾರ್ಟೂನು ಬರೆದು ಹೊಟ್ಟೆ ಹೊರೆದವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಆದರೆ ಮರ್ಡಾಕ್ ಎಂಬ ಕ್ಷೌರಿಕ ಖಡ್ಗಮೃಗಕ್ಕೆ ಜನ್ಮ ಕೊಟ್ಟವನು ವೆಂಡೆಲ್ ಒಬ್ಬನೇ. ಯಾವುದೋ ಕಾಲದಲ್ಲಿ ಟೀವಿಯಲ್ಲಿ ಬಂದುಹೋದ ಆ ಸರಣಿ ಈಗ ಡಿಸ್ಕಿನ ಪೆಟ್ಟಿಗೆಯಾಗಿ ಅಂಗಡಿಗೆ ಬರುವುದಿತ್ತು. ಮೂರನೆಯ ವರ್ಷವೇ ಜಗಳವಾಡಿ ಇವನನ್ನು ಹೊರಗಟ್ಟಿದ್ದ ಸ್ಟುಡಿಯೋ, ಇಷ್ಟು ದಿನದ ಮೇಲೆ ಒಂದು ಮಾದರಿ ಡಿಸ್ಕನ್ನು ಮನೆಗೆ ಕಳಿಸಿತ್ತು. ಕಾಫಿ ಲೋಟ ಹಿಡಿದು ಕೂತ ವೆಂಡೆಲ್ ಬೇರೆಲ್ಲ ಕಂತುಗಳನ್ನು ದಾಟಿಸಿ ನೇರವಾಗಿ ಒಂದಕ್ಕೆ ಹೋದ.

ಆ ಕಂತಿನಲ್ಲಿ ಮರ್ಡಾಕನ ಹೆಂಡತಿಯಾದ ಬೆಳ್ಳಕ್ಕಿ ಹಾರಿಹೋಗಿರುತ್ತಾಳೆ. ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಮರ್ಡಾಕ್ ನೆಲದ ಮೇಲಿನ ಕೂದಲು ಗುಡಿಸುತ್ತ ರೇಡಿಯೋ ಹಾಕುತ್ತಾನೆ. 'ಹೊರಬಾಗಿಲ ದೀಪ' ಎಂಬ ಹಳೆಯ ಹಾಡು ಬರುತ್ತದೆ. ಖಡ್ಗಮೃಗ ಒಂದು ಗಳಿಗೆ ನಿಂತು, ಪೊರಕೆಯನ್ನೇ ಎದೆಗೊತ್ತಿಕೊಂಡು ಕುಣಿಯುತ್ತದೆ. ಮಾತಿಲ್ಲ, ಕತೆಯಿಲ್ಲ, ಅಷ್ಟೇ. ತನ್ನ ಹೆಂಡತಿ ಲೋರ್ನಾ ತೀರಿಕೊಂಡ ಚಳಿಗಾಲದಲ್ಲಿ ವೆಂಡೆಲ್ ಅದನ್ನು ಯಾರ ಕೈಗೂ ಕೊಡದೆ ಒಬ್ಬನೇ ಬರೆದಿದ್ದ. ಪಾತ್ರೆ ತೊಳೆಯುವಾಗ ಅವಳು ಗುನುಗುತ್ತಿದ್ದುದು ಆ ಹಾಡನ್ನೇ, ಅದೂ ಅಪಸ್ವರದಲ್ಲಿ. ಈ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ.

ಪರದೆಯ ಮೇಲೆ ಮರ್ಡಾಕ್ ರೇಡಿಯೋ ಹಾಕಿದ.

ಟಿಂಗ್ ಟಿಂಗ್ ಟಿಟಿಂಗ್ ಟಿಂಗ್.

ಆಟಿಕೆಯ ಕೀಬೋರ್ಡಿನ ಮೇಲೆ ಬೆಕ್ಕು ನಡೆದುಹೋದಂತಿತ್ತು. ವೆಂಡೆಲನ ಕೈಯ ಕಾಫಿ ಅಂಗಿಯ ಮೇಲಾಯಿತು.

"ಏನ್ರೀ ಇದು!" ಅವನು ಕಿರುಚಿದ ಸದ್ದಿಗೆ ಪಕ್ಕದ ಮನೆಯ ಓಫೀಲಿಯಾ ಬರಗಾನ್ ಅಡುಗೆಮನೆಯ ಬಾಗಿಲಿಂದ ಒಳಗೇ ಬಂದಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಆಕೆಗೆ ಇತರರ ಮನೆ ಎಂದರೆ ಇನ್ನೊಂದು ನಿಲ್ದಾಣವಷ್ಟೇ. ಕೈಯಲ್ಲಿ ಸಿಹಿ ಬನ್ನಿನ ತಟ್ಟೆಯಿತ್ತು.

"ಯಾರಾದ್ರೂ ಸತ್ತರೇನಯ್ಯಾ?"

"ಕೊಂದಿದಾರೆ! ಕೇಳು ಇದನ್ನ!"

ಓಫೀಲಿಯಾ ನಿಂತು ಕೇಳಿದಳು. "ಚೆನ್ನಾಗೇ ಇದೆಯಲ್ಲ. ಮುದ್ದಾಗಿದೆ."

ವೆಂಡೆಲ್ ಒಗ್ಗರಣೆಗೆ ಬಿದ್ದ ಸಾಸಿವೆಯಾದ. ಕಾಫಿ ಮೆತ್ತಿದ ಅಂಗಿಯಲ್ಲೇ ಕಾರಿನ ಕೀಲಿ ಹುಡುಕಿದ. ಆ ಕಂತು ಮೊದಲ ಸಲ ಟೀವಿಯಲ್ಲಿ ಬಂದ ದಿನ ತಾನೇ ಮುದ್ರಿಸಿಟ್ಟುಕೊಂಡಿದ್ದ ಹಳೆಯ ವಿಡಿಯೋ ಕ್ಯಾಸೆಟ್ಟನ್ನು ಸಾಕ್ಷಿಗೆಂದು ಕಂಕುಳಲ್ಲಿ ಇರುಕಿಕೊಂಡ.

"ಈ ಸಿಟ್ಟಲ್ಲಿ ನೀನು ಗಾಡಿ ಓಡಿಸಿದ್ರೆ ದಾರೀಲಿ ಇನ್ನಿಬ್ಬರು ಸಾಯ್ತಾರೆ. ಕೊಡು ಇಲ್ಲಿ ಕೀಲಿ," ಎಂದಳು ಓಫೀಲಿಯಾ.

ತಮಾರಾ ಪಿಂಕ್ನಿ ಆ ಸ್ಟುಡಿಯೋದಲ್ಲಿ ಹಾಡುಗಳಿಗೆ ಅನುಮತಿ ತರಿಸುವವಳು. ಯಾರೋ ಹಾಡಿದ್ದಕ್ಕೆ ಇನ್ಯಾರಿಂದಲೋ ಬೈಸಿಕೊಳ್ಳುವುದೇ ಆಕೆಯ ಉದ್ಯೋಗ. ಆದ್ದರಿಂದ ವೆಂಡೆಲ್ ಬಾಗಿಲು ದೂಡಿಕೊಂಡು ನುಗ್ಗಿದಾಗ ಆಕೆ ಬೆಚ್ಚಲಿಲ್ಲ, ಮೇಜಿನ ಮೇಲಿದ್ದ ಹೂದಾನಿಯನ್ನು ಮಾತ್ರ ಪಕ್ಕಕ್ಕೆ ಸರಿಸಿದಳು.

"ಯಾರ್ರೀ ನನ್ನ ಖಡ್ಗಮೃಗದ ಕತ್ತು ಕೊಯ್ದೋರು?"

"ಕೂತ್ಕೊಳ್ಳಿ ವೆಂಡೆಲ್ ಅವ್ರೇ. ಕಾಫಿ?"

"ಕಾಫಿ ಆಗಲೇ ಆಗಿದೆ!" ಅವನು ಅಂಗಿ ತೋರಿಸಿದ. "ಹಾಡೆಲ್ಲಿ?"

"ಆಗ ನಮ್ಮೋರು ಅನುಮತಿ ತಗೊಂಡಿದ್ದು ಟೀವಿಗೆ ಮಾತ್ರ. ಜನ ಕಾರ್ಟೂನ್‌ನ ಕೊಂಡ್ಕೊಂಡು ಮನೆ ಕಪಾಟಲ್ಲಿ ಇಟ್ಕೋತಾರೆ ಅಂತ ಯಾರಿಗೆ ಕನಸು ಬಿದ್ದಿತ್ತು? ಡಿಸ್ಕಿಗೆ ಬೇರೆ ಅನುಮತಿ ಬೇಕು. ಅದೂ ಎರಡು ಕಡೆಯಿಂದ. ಹಾಡಿದ ದನಿ ರೆಕಾರ್ಡ್ ಕಂಪನೀದು, ಅವರು ಹ್ಞೂಂ ಅಂದಾಯ್ತು. ಹಾಡು ಕಟ್ಟಿದೋರದ್ದೇ ತೊಂದರೆ."

"ಏನಂತೆ ಅವನಿಗೆ ಧಾಡಿ?"

"ಸತ್ತೋಗಿದಾರೆ. ವಾರಸುದಾರರು ಸಿಕ್ಕಿಲ್ಲ. ನಾಳೆ ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ಡಿಸ್ಕು ಒತ್ತೋಕೆ ಶುರು ಮಾಡ್ತಾರೆ. ಅದೂ ಅಲ್ದೆ, ಆ ಟಿಂಗ್ ಟಿಂಗ್ ಬಗ್ಗೆ ನಿಮಗೊಂದು ವಿಷಯ ಹೇಳ್ಬೇಕು. ಅದು ಹೊಸದೇನಲ್ಲ..."

"ಅದರ ಹೆಸರೆತ್ತಬೇಡಿ ನನ್ನ ಮುಂದೆ!" ವೆಂಡೆಲ್ ಮೇಜು ಗುದ್ದಿದ ರಭಸಕ್ಕೆ ಪಕ್ಕಕ್ಕೆ ಸರಿದಿದ್ದ ಹೂದಾನಿ ಅಲ್ಲಿಂದಲೂ ಕೆಳಗೆ ಬಿತ್ತು.

ಓಫೀಲಿಯಾ ಬಗ್ಗಿ ಹೂವು ಆಯ್ದುಕೊಡುತ್ತ ಕೇಳಿದಳು: "ಸತ್ತೋರ ಹೆಸರೇನಮ್ಮಾ?"

"ಆಲ್ವಿನ್ ತಿಬೊಡೋ."

ಓಫೀಲಿಯಾ ಯಾರನ್ನೂ ಕೇಳದೆ ತಮಾರಾಳ ಫೋನನ್ನೇ ತನ್ನತ್ತ ಎಳೆದುಕೊಂಡು ಫೋನ್ ನಂಬರು ಹುಡುಕಿಕೊಡುವ ವಿಚಾರಣೆಯವರನ್ನು ಕರೆದಳು. ನಂಬರು ಸಿಕ್ಕಿತು. ಆ ನಂಬರು ಒತ್ತಿ ಬಹಳ ವಿನಯದಿಂದ ಕೇಳಿದಳು: "ನಮಸ್ಕಾರ. ಆಲ್ವಿನ್ ತಿಬೊಡೋ ಅವರು ತೀರಿಕೊಂಡಿದಾರಾ?"

ಆ ಕಡೆಯಿಂದ ಬಂದ ಬೈಗುಳ ಕೋಣೆಯಲ್ಲಿದ್ದ ಮೂವರಿಗೂ ಕೇಳಿಸಿತು. ಓಫೀಲಿಯಾ ರಿಸೀವರನ್ನು ಕಿವಿಯಿಂದ ದೂರ ಹಿಡಿದು ಹೇಳಿದಳು: "ಬದುಕಿದಾರೆ. ಸಿಟ್ಟಲ್ಲಿದಾರೆ."

ತಮಾರಾ ಕೊಟ್ಟ ಅನುಮತಿಯ ಕಾಗದ ಹಿಡಿದು ಇಬ್ಬರೂ ಹೊರಟರು. ತಿಬೊಡೋ ಸಿಲ್ಮಾರಿನಲ್ಲಿ, ಬೆಟ್ಟದ ಬುಡದಲ್ಲಿ ಸಾಲಾಗಿ ನಿಂತ ಗಾಲಿಮನೆಗಳಲ್ಲೊಂದರಲ್ಲಿದ್ದ. ಎಂಬತ್ತು ದಾಟಿದ ಮುದುಕ. ಒಣಗಿದ ಮೆಣಸಿನಕಾಯಿಯ ಹಾಗೆ ತೆಳ್ಳಗೆ, ಕೆಂಪಗೆ, ಅಷ್ಟೇ ಖಾರ. ಇವರಿಗಾಗಿ ಮೆಟ್ಟಿಲ ಮೇಲೆಯೇ ಕಾಯುತ್ತಿದ್ದ.

"ನನ್ನನ್ನ ಸಾಯಿಸಿದ್ದು ನಿಮ್ಮಿಬ್ಬರಲ್ಲಿ ಯಾರ್ರೋ?"

"ಸ್ಟುಡಿಯೋದೋರು," ಎಂದ ವೆಂಡೆಲ್. "ನನ್ನನ್ನೂ ಅವರೇ ಸಾಯಿಸಿದ್ದು."

ಇದು ಮುದುಕನಿಗೆ ಸ್ವಲ್ಪ ಹಿಡಿಸಿತು. ಒಳಗೆ ಕರೆದ. ಆದರೆ ವಿಷಯ ತಿಳಿದ ಮೇಲೆ ಮತ್ತೆ ಭುಸುಗುಟ್ಟಿದ.

"ಆ ಹಾಡಿಟ್ಕೊಂಡು ಹಾಸಿಗೆ ಮಾರಿದ್ರು. ಮಲಬದ್ಧತೆ ಮಾತ್ರೆ ಮಾರಿದ್ರು. ಕೊನೆಗೆ ಮೃಗಾನೂ ಬಂತಾ?"

"ಮೃಗ ಅನ್ಬೇಡಿ ಅವನನ್ನ! ಒಂದ್ಸಲ ನೋಡಿ, ಆಮೇಲೆ ಬೈಯಿರಿ."

ಮುದುಕನ ಟೀವಿಯ ಕೆಳಗೆ ಕ್ಯಾಸೆಟ್ ಹಾಕುವ ಹಳೆಯ ಯಂತ್ರವಿತ್ತು. ಕ್ಯಾಸೆಟ್ ತಿರುಗಿತು. ಮರ್ಡಾಕ್ ಪೊರಕೆ ಅಪ್ಪಿಕೊಂಡ, ಕುಣಿದ. ಹಾಡು ಮುಗಿಯುವವರೆಗೆ ತಿಬೊಡೋ ಕೆಮ್ಮಲೂ ಇಲ್ಲ.

"ತಾಳ ತಪ್ಪಿದಾನೆ," ಎಂದ ಕೊನೆಗೆ.

"ಅವನು ಖಡ್ಗಮೃಗ ಕಣ್ರೀ!"

"ಅದಕ್ಕೆ? ನಾಲ್ಕು ಕಾಲಿದೆ, ಒಂದಕ್ಕಾದ್ರೂ ತಾಳ ಇರಬಾರದಾ?" ಮುದುಕ ಮೂಲೆಯಿಂದ ಪೊರಕೆ ತಂದು ವೆಂಡೆಲನ ಎದೆಗೆ ಗುದ್ದಿದ. "ತೋರಿಸು. ನೀನೇ ತಾನೆ ಬರೆದೋನು? ಕುಣಿ, ನೋಡೋಣ."

ವೆಂಡೆಲ್ ಸಿಟ್ಟಿನಿಂದಲೇ ಕುಣಿಯತೊಡಗಿದ. ಮುದುಕ ಮೇಜು ಬಡಿದು ತಾಳ ಹಾಕಿದ, ಓಫೀಲಿಯಾ ಶಾಲೆಯ ಮಕ್ಕಳನ್ನು ಬಸ್ಸಿಗೆ ಹತ್ತಿಸುವವಳ ಹಾಗೆ "ಎಡಗಾಲು, ಎಡಗಾಲು" ಎಂದು ಕೂಗಿದಳು. ಇಕ್ಕಟ್ಟಿನ ಗಾಲಿಮನೆ ಇಡಿಯಾಗಿ ಅಲುಗಿತು. ಎರಡು ಸುತ್ತಾದ ಮೇಲೆ ವೆಂಡೆಲನ ಕಾಲು ಒಂದು ಕಡೆ ತಾನಾಗಿ ತಡೆದು ಹಿಂದೆ ಸರಿಯಿತು. ಜೊತೆಯಲ್ಲಿ ಕುಣಿಯುವಾಗ ಲೋರ್ನಾ ಯಾವಾಗಲೂ ಅಲ್ಲಿಯೇ ತಪ್ಪುತ್ತಿದ್ದಳು. ಅವಳ ಕಾಲು ತುಳಿಯಬಾರದೆಂದು ಅವನಿಗೆ ಹಿಂದೆ ಸರಿದು ಅಭ್ಯಾಸ. ಅವನು ನಿಂತುಬಿಟ್ಟ.

ತಿಬೊಡೋ ಮೇಜು ಬಡಿಯುವುದನ್ನು ನಿಲ್ಲಿಸಿದ.

"ಯಾರಿಗೋಸ್ಕರ ಬರೆದೆ ಅದನ್ನ?"

"ಯಾರಿಗೂ ಇಲ್ಲ."

"ಹ್ಞೂಂ. ನಾನೂ ಯಾರಿಗೂ ಅಂತ ಬರೆದಿರಲಿಲ್ಲ." ಮುದುಕ ಕನ್ನಡಕ ಹುಡುಕಿದ. "ಕೊಡು, ಎಲ್ಲಿ ಸಹಿ ಹಾಕ್ಬೇಕು?"

ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ. ಅದರ ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಜೀವಂತ' ಎಂದೂ ಬರೆದ.

ವಾಪಸು ಬರುವಾಗ ಹೆದ್ದಾರಿಯಲ್ಲಿ ಕಾರುಗಳು ಇರುವೆಸಾಲಾಗಿ ತೆವಳುತ್ತಿದ್ದವು. ಓಫೀಲಿಯಾ ಎರಡು ಕಡೆ ನುಗ್ಗಿಸಿ, ಒಂದು ಕಡೆ ಬೈದು, ಸಂಜೆಗೆ ಮುಂಚೆ ಸ್ಟುಡಿಯೋ ಮುಟ್ಟಿಸಿದಳು. ತಮಾರಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. "ಬದುಕಿರೋರ ಸಹಿನೇ," ಎಂದು ಒಪ್ಪಿಕೊಂಡಳು. ಧ್ವನಿ ವಿಭಾಗದ ಹುಡುಗಿಯರು ಟಿಂಗ್ ಟಿಂಗ್ ಕಿತ್ತು ಹಳೆಯ ಹಾಡನ್ನು ಕೂರಿಸಿದರು. ಮರ್ಡಾಕ್ ಮತ್ತೆ ತನ್ನ ಹಾಡಿಗೆ ಕುಣಿದ. ವೆಂಡೆಲ್ ಕಾಫಿ ಕಲೆಯ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ಸಂಜೆ ಅಭಿಮಾನಿಗಳಿಗೆ ತೋರಿಸೋದು ಇದೆಯಲ್ಲ," ಎಂದಳು ತಮಾರಾ, "ಫ್ಯಾಕ್ಟರಿಗೆ ಕಳಿಸೋಕೆ ಮುಂಚೆ ಅವರೇನಂತಾರೆ ನೋಡೋಣ. ಯಾಕೆ ಅಂದ್ರೆ ವೆಂಡೆಲ್ ಅವ್ರೇ..."

"ಏನಂತಾರೆ? ಕಾಲಿಗೆ ಬೀಳ್ತಾರೆ!"

ಮ್ಯಾಗ್ನೋಲಿಯಾ ರಸ್ತೆಯ ಕಾಮಿಕ್ಸ್ ಪುಸ್ತಕದ ಅಂಗಡಿಯೊಂದರಲ್ಲಿ ಕುರ್ಚಿ ಹಾಕಿದ್ದರು. ಜಾಗ ಸಾಲದೆ ಜನ ಕಪಾಟುಗಳಿಗೆ ಆತು ನಿಂತಿದ್ದರು. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಕೆಲವರು ಕಾಗದದ ಕೊಂಬು ಕಟ್ಟಿಕೊಂಡು ಖಡ್ಗಮೃಗಗಳೇ ಆಗಿದ್ದರು. ವೆಂಡೆಲ್ ಒಳಗೆ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಳಗಿನಿಂದ ಉರಿಯುತ್ತಿದ್ದ ಅವನ ಹೊಟ್ಟೆಗೆ ಮೊದಲ ಸಲ ತಣ್ಣೀರು ಬಿದ್ದಂತಾಯಿತು.

"ಮಕ್ಕಳೇ," ಎಂದ, "ನಿಮಗೆ ಮೋಸ ಮಾಡೋಕೆ ಹೊರಟಿದ್ರು. ಮರ್ಡಾಕನ ಹಾಡನ್ನ ಕದ್ದು ಕಸ ತುಂಬಿದ್ರು. ನಾನು ಬಿಡಲಿಲ್ಲ. ಇವತ್ತು ನೀವು ಕೇಳೋದು ಅಸಲಿ!"

ಅಂಗಡಿ ಹಾರಿಹೋಗುವಂತೆ ಶಿಳ್ಳೆ ಹೊಡೆದರು. ದೀಪ ಆರಿತು. ಕಂತು ಓಡಿತು. ಮರ್ಡಾಕ್ ಕೂದಲು ಗುಡಿಸಿದ, ರೇಡಿಯೋ ಹಾಕಿದ, 'ಹೊರಬಾಗಿಲ ದೀಪ' ಮೆಲ್ಲಗೆ ಎದ್ದಿತು. ಅಂಗಡಿ ತುಂಬ ಮೌನ. ಅಳುತ್ತಿದ್ದಾರೆ ಎಂದುಕೊಂಡ ವೆಂಡೆಲ್.

ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಹಾಡೆಲ್ಲಿ?"

"ಇದ್ಯಾವುದೋ ಅಜ್ಜೀ ಹಾಡು!" ಎಂದಿತು ಇನ್ನೊಂದು.

"ನಮ್ಮ ಟಿಂಗ್ ಟಿಂಗ್ ಏನು ಮಾಡಿದ್ರಿ?"

ಯಾರೋ ದೀಪ ಹಾಕಿದರು. ಅಷ್ಟೂ ಕೊಂಬುಗಳು ವೆಂಡೆಲನ ಕಡೆ ತಿರುಗಿದ್ದವು. ಒಬ್ಬ ತೋಳು ಮಡಚಿ ತೋರಿಸಿದ. ಆ ಕೀಬೋರ್ಡು ರಾಗದ ಸ್ವರಗಳನ್ನು ಭುಜದಿಂದ ಮೊಣಕೈವರೆಗೆ ಹಚ್ಚೆ ಹೊಯ್ಸಿಕೊಂಡಿದ್ದ. "ಇದನ್ನ ಈಗ ಏನಂತ ಅಳಿಸಲಿ?" ಎಂದು ಗದರಿದ.

"ಅದು ನಕಲಿ ಕಣ್ರೋ!" ವೆಂಡೆಲ್ ಗಂಟಲು ಹರಿಯುವಂತೆ ಕೂಗಿದ. "ಯಾವನೋ ಹತ್ತು ನಿಮಿಷದಲ್ಲಿ ಕುಟ್ಟಿದ್ದು! ನಾನು ಬರೆದದ್ದು ಇದಕ್ಕೆ!"

ತಮಾರಾ ಅವನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಬೆಳಿಗ್ಗೆಯಿಂದ ಇದನ್ನೇ ಹೇಳೋಕೆ ನೋಡ್ತಿದೀನಿ. ಟೀವಿ ಅನುಮತಿ ಇದ್ದಿದ್ದೂ ಮೊದಲ ಕೆಲವು ವರ್ಷಕ್ಕೆ ಅಷ್ಟೇ. ಅದು ಮುಗಿದ ಮೇಲೆ ಮಧ್ಯಾಹ್ನ ಮಧ್ಯಾಹ್ನ ಮರುಪ್ರಸಾರ ಮಾಡಿದ್ರಲ್ಲ, ಅದರಲ್ಲೆಲ್ಲ ಇದ್ದಿದ್ದು ಟಿಂಗ್ ಟಿಂಗೇ. ಇವರೆಲ್ಲ ಬೆಳೆದದ್ದು ಅದನ್ನ ಕೇಳ್ಕೊಂಡು. ನೀವು ಯಾವತ್ತೂ ನೋಡ್ಲೇ ಇಲ್ವಾ?"

ನೋಡಿರಲಿಲ್ಲ. ಕೆಲಸ ಹೋದ ದಿನ ಆ ಚಾನೆಲಿನ ಮುಖ ನೋಡಬಾರದೆಂದು ವೆಂಡೆಲ್ ಕೇಬಲ್ ತಂತಿಯನ್ನು ತೋಟದ ಕತ್ತರಿಯಿಂದ ತುಂಡರಿಸಿದ್ದ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದಳು. ಕೊಂಬು ಒಂದು ಕಡೆ ವಾಲಿತ್ತು, ಕಣ್ಣು ಕೆಂಪಾಗಿತ್ತು. "ಸಾರ್, ನಾನು ಚಿಕ್ಕೋಳಿರುವಾಗ ಅಮ್ಮ ಆಸ್ಪತ್ರೆ ಕೆಲಸದಿಂದ ಬರೋದು ಕತ್ತಲಾದ ಮೇಲೆ. ಸ್ಕೂಲಿಂದ ಬಂದು ನಾನೇ ಬೀಗ ತೆಗೆದು ಟೀವಿ ಹಾಕ್ತಿದ್ದೆ. ಆ ಟಿಂಗ್ ಟಿಂಗ್ ಬಂದಾಗ, ಮರ್ಡಾಕೂ ಮನೇಲಿ ಒಬ್ನೇ ಇದಾನೆ ಅನ್ನಿಸ್ತಿತ್ತು. ಅಮ್ಮ ಈಗಿಲ್ಲ. ಅದನ್ನೂ ಯಾಕೆ ಕಿತ್ಕೋತೀರಿ?"

ವೆಂಡೆಲ್ ಬಾಯಿ ತೆರೆದ. ಬೈಗುಳಗಳೆಲ್ಲ ನಾಲಗೆಯ ತುದಿಗೆ ಬಂದು, ಇವಳನ್ನು ನೋಡಿ, ಒಂದೊಂದಾಗಿ ವಾಪಸು ಇಳಿದುಹೋದವು. ಬೆಳಗಿನಿಂದ ಒಬ್ಬರಿಗೂ ಹೇಳಲಾಗದೇ ಹೋದ ತನ್ನ ಮಾತನ್ನೇ ಅವಳು ಆಡಿದ್ದಳು, ಅದೂ ತಪ್ಪು ಹಾಡಿನ ಪರವಾಗಿ.

ಅಷ್ಟರಲ್ಲಿ ಹೊರಗೆ ಹೋಗಿದ್ದ ತಮಾರಾ ಫೋನು ಮಡಚುತ್ತ ಬಂದಳು.

"ಮೇಲಿನೋರ ಹತ್ರ ಮಾತಾಡಿದೆ. ಟಿಂಗ್ ಟಿಂಗ್ ಇರೋದನ್ನೇ ಒತ್ತುತಾರಂತೆ. ಗಲಾಟೆ ಆಯ್ತಲ್ಲ, ಅದಕ್ಕೆ ಪೆಟ್ಟಿಗೆ ಮೇಲೆ ಒಂದು ಚೀಟಿ ಅಂಟಿಸ್ತಾರೆ."

"ಏನಂತ?"

ತಮಾರಾ ಹೂದಾನಿಯೇನಾದರೂ ಹತ್ತಿರದಲ್ಲಿದೆಯೇ ಎಂದು ಒಮ್ಮೆ ಸುತ್ತ ನೋಡಿದಳು. "'ಮೂಲ ಸಂಗೀತದೊಂದಿಗೆ' ಅಂತ. ಕೆಳಗೆ ನಿಮ್ಮ ಹೆಸರು."

ಅಂಗಡಿ ಜಯಘೋಷದಲ್ಲಿ ಮುಳುಗಿತು. ಚೀಟಿಯಲ್ಲಿ ಅವನ ಹೆಸರು ಬಂದದ್ದೇ, ಅವನು ಹೋರಾಡಿದ್ದು ಯಾವ ಹಾಡಿಗೆಂಬುದು ಯಾರಿಗೂ ನೆನಪಿರಲಿಲ್ಲ. ಹುಡುಗಿ ಓಡಿಬಂದು ವೆಂಡೆಲನನ್ನು ಅಪ್ಪಿಕೊಂಡಳು. ಅವಳ ಕಾಗದದ ಕೊಂಬು ಅವನ ಮೂಗಿಗೆ ತಾಗಿತು.

"ನೀವು ಹೋರಾಡದೇ ಇದ್ರೆ ನಮ್ಮ ಹಾಡು ಹೋಗಿಬಿಡ್ತಿತ್ತು ಸಾರ್!"

ಆಮೇಲೆ ಎಲ್ಲರೂ ಒಟ್ಟಾಗಿ, ತೋಳು ಹೆಣೆದುಕೊಂಡು, ಕಣ್ಣು ಒದ್ದೆ ಮಾಡಿಕೊಂಡು ಟಿಂಗ್ ಟಿಂಗ್ ಟಿಟಿಂಗ್ ಟಿಂಗ್ ಎಂದು ಹಾಡತೊಡಗಿದರು. ಅವರ ನಡುವೆ ನಿಂತ ಓಫೀಲಿಯಾ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು.