ಬೀಗರೂಟಕ್ಕೆ ಹೊರಟ ಹಲ್ಲುಸೆಟ್ಟು

ಚೌಕಾಸಿ ಮಾಡದೆ ತಂದ ಸೊಪ್ಪು ನನ್ನ ಮೈಗೆ ಹತ್ತುವುದಿಲ್ಲ. ಇದು ಜಿಪುಣತನವಲ್ಲ, ಸಂಸ್ಕಾರ ಎಂದು ನಾನು ಹೇಳಿಕೊಳ್ಳುತ್ತೇನೆ. ಹೆಂಡತಿ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ. ಮಂಡ್ಯದ ಮಾರುಕಟ್ಟೆಯಲ್ಲಿ ನನ್ನ ವರಸೆ ಎಲ್ಲರಿಗೂ ಗೊತ್ತು. ಅರ್ಧ ಬೆಲೆಗೆ ಕೇಳುವುದು, ‘ಬ್ಯಾಡ ಬುಡವ್ವ’ ಎಂದು ನಾಲ್ಕು ಹೆಜ್ಜೆ ನಡೆಯುವುದು. ಐದನೆಯ ಹೆಜ್ಜೆಗೆ ‘ಬಾ ಸಾಮಿ, ತಕೊಂಡೋಗು’ ಎಂಬ ಕೂಗು ಬಂದೇ ಬರುತ್ತದೆ. ಈ ವಿದ್ಯೆಯನ್ನು ಫೋನಿನ ಮೇಲೂ ಪ್ರಯೋಗಿಸಲು ಹೋಗಿ ಮಾವನವರ ಮರ್ಯಾದೆ ಕಳೆಯುವುದರಲ್ಲಿದ್ದೆ.

ನಾದಿನಿಯ ಮದುವೆ ಮುಗಿದು, ಭಾನುವಾರ ಮಳವಳ್ಳಿಯ ಮಾವನ ಮನೆಯಲ್ಲಿ ಬೀಗರೂಟ. ಮಾವನ ಹಲ್ಲುಸೆಟ್ಟು ಬಿರುಕು ಬಿಟ್ಟು ಮಂಡ್ಯದ ಡಾಕ್ಟರ ಬಳಿ ರಿಪೇರಿಗೆ ಬಂದಿದ್ದು, ಬುಧವಾರ ನನ್ನ ಕೈ ಸೇರಿತು. ‘ಅಳಿಮಯ್ಯ, ಬೀಗ್ರ ಮುಂದೆ ಬೊಚ್ಚುಬಾಯಲ್ಲಿ ಕುಂತ್ಕಳಕಾಯ್ತದಾ? ಬಿರ್ನೆ ಕಳ್ಸಿ, ಎಲ್ಡ್ ದಿನ ಆಕ್ಕೊಂಡು ರೂಡಿ ಮಾಡ್ಕತೀನಿ’ ಎಂದರು ಮಾವ ಫೋನಿನಲ್ಲಿ. ‘ಬಸ್ಸತ್ತಿ ಓಗಿ ಕೊಟ್ಬುಟ್ಟು ಬನ್ನಿ’ ಎಂದಳು ಹೆಂಡತಿ. ನಾನು ಕಾಲದ ಜೊತೆ ಹೋಗುವವನು. ಪಾರ್ಸೆಲ್ ಆ್ಯಪ್ ತೆರೆದೆ.

ಎಂಬತ್ತು ರೂಪಾಯಿ ಎಂದಿತು. ಅಭ್ಯಾಸಬಲದಿಂದ ಆ್ಯಪ್ ಮುಚ್ಚಿ ಅಡುಗೆಮನೆವರೆಗೆ ನಾಲ್ಕು ಹೆಜ್ಜೆ ನಡೆದು ಬಂದೆ. ಮತ್ತೆ ತೆರೆದರೆ ತೊಂಬತ್ತೈದು! ಇನ್ನೊಮ್ಮೆ ಮುಚ್ಚಿ, ಬೀದಿ ಕೊನೆಯವರೆಗೂ ಹೋಗಿ ಬಂದೆ; ನೂರ ಹತ್ತು. ಬೆಲೆ ಕಟ್ಟುವುದು ಮಿಷನ್ನು, ಅದಕ್ಕೆ ದಾಕ್ಷಿಣ್ಯವಿಲ್ಲ. ಕೊನೆಗೆ ಕೆಳಗಡೆ ‘ಹಂಚಿಕೆ ಸಾಗಣೆ, ಮೂವತ್ತೊಂಬತ್ತು’ ಎಂದು ಕಂಡಿತು. ಹತ್ತಾರು ಜನರ ಪಾರ್ಸೆಲ್ಲುಗಳ ಜೊತೆ, ಜಾಗವಿದ್ದ ಗಾಡಿಯಲ್ಲಿ, ಮಿಷನ್ನು ಹೇಳಿದ ದಾರಿಯಲ್ಲಿ ಹೋಗುತ್ತದಂತೆ. ಗೆದ್ದೆ ಎಂದುಕೊಂಡು ಒತ್ತಿದೆ. ಒಳಗೇನಿದೆ ಎಂದು ಕೇಳಿದ್ದಕ್ಕೆ ‘ಹಲ್ಲುಸೆಟ್ಟು, ಬಳಸಿದ್ದು’ ಎಂದು ಪ್ರಾಮಾಣಿಕವಾಗಿ ಬರೆದೆ.

ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹಲ್ಲು ಗುರುವಾರ ಮೈಸೂರು ನೋಡಿತು, ಶುಕ್ರವಾರ ಬೆಂಗಳೂರು. ಶನಿವಾರ ಮದ್ದೂರಿಗೆ ಬಂದಾಗ ಇನ್ನೇನು ಮಳವಳ್ಳಿ ಕಡೆ ತಿರುಗುತ್ತದೆ ಎಂದು ಕಾದರೆ, ಫೋನಿನ ಚುಕ್ಕಿ ಸೀದಾ ಮಂಡ್ಯಕ್ಕೇ ವಾಪಸು ಬಂತು. ಡ್ರೈವರಿಗೆ ಫೋನ್ ಮಾಡಿ, ಇಲ್ಲೇ ಇಳಿಸಿಕೊಡು ಎಂದು ಅಂಗಲಾಚಿದೆ. ‘ಮಿಸನ್ನು ಯೆಂಗೇಳ್ತದೋ ಅಂಗೋಯ್ತೀನಿ ಸಾ. ಮಂಡ್ಯದಲ್ಲಿನ್ನೂ ಲೋಡ್ ತುಂಬ್ಬೇಕಂತೆ. ನಿಮ್ದು ತಳ್ದಲ್ಲಿ ಅದೆ, ತಗ್ಯಕಾಗಕಿಲ್ಲ’ ಎಂದ. ನನಗೆ ನಿಜಕ್ಕೂ ನಾಚಿಕೆಯಾಯಿತು. ನಾನು ಉಳಿಸಿದ ನಲವತ್ತೊಂದು ರೂಪಾಯಿಗೆ ಆ ಹಿರಿಯ ಜೀವ ಹೊಸ ಬೀಗರ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕಲ್ಲ!

ಭಾನುವಾರ ಬರಿಗೈಯಲ್ಲಿ ಬಸ್ಸು ಹತ್ತಿದೆ. ಹೆಂಡತಿ ದೂರದ ಸೀಟು ಹಿಡಿದು ಕೂತಳು. ಮೊದಲ ಪಂಕ್ತಿಯಲ್ಲೇ ಬೀಗರು ಮಾವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಾವ ಮುದ್ದೆಯನ್ನೇನೋ ನುಂಗಿದರು, ಅದಕ್ಕೆ ಹಲ್ಲು ಬೇಡ. ಬಾಡಿನ ತುಂಡುಗಳನ್ನು ಅಗಿಯಲಾಗದೆ ಎಲೆಯ ಅಂಚಿಗೆ ಸರಿಸುತ್ತ ಕೂತರು. ‘ಯಾಕ್ ಬೀಗ್ರೆ, ಬಾಡು ಮುಟ್ನೇ ಇಲ್ಲ?’ ಎಂದು ಬೀಗರು ಕೇಳಿದರು. ನೋಡಲಾರದೆ ನಾನು ಬೀದಿಗೆ ಹೋಗಿ ಫೋನ್ ಹಿಡಿದು ನಿಂತೆ. ಅಷ್ಟರಲ್ಲಿ ಗಾಡಿ ಬಂತು. ನಾನು ಕೈ ಚಾಚುವ ಮೊದಲೇ ಡ್ರೈವರು ಶಾಮಿಯಾನದೊಳಕ್ಕೆ ನುಗ್ಗಿ, ‘ಅಲ್ಲುಸೆಟ್ಟು ಯಾರ್ದು? ಬಳ್ಸಿರಾದು!’ ಎಂದು ಕೂಗಿದ. ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡಿತು. ಮಾವ ತಲೆ ತಗ್ಗಿಸಿದರು.

ಬೀಗರು ತಮ್ಮ ಸೆಟ್ಟನ್ನು ನಾಲಿಗೆಯಿಂದ ಕಟಕ್ಕನೆ ಅಲ್ಲಾಡಿಸಿ ತೋರಿಸಿ, ‘ನಂದೂ ಇದೇಯಾ ಬೀಗ್ರೆ. ಆಕ್ಕಳಿ, ಬಾಡು ತಣ್ಗಾಯ್ತದೆ’ ಎಂದರು. ಎಲ್ಲರೂ ನಕ್ಕರು, ಮಾವನೂ ನಕ್ಕರು. ಎದ್ದು ಹೋಗಿ ಹಾಕಿಕೊಂಡು ಬಂದು, ಮೂಳೆ ಚೀಪಿ, ಎರಡು ಸಲ ಬಡಿಸಿಕೊಂಡು ಉಂಡರು. ನಾನು ಡ್ರೈವರಿಗೆ ಓಟಿಪಿ ಹೇಳಿ, ಸಹಿ ಹಾಕಿ, ಖಾಲಿ ಪಾರ್ಸೆಲ್ ಡಬ್ಬಿ ಹಿಡಿದು ಫೋಟೋಗೆ ನಿಂತು ಬರುವಷ್ಟರಲ್ಲಿ ಕೊನೆಯ ಪಂಕ್ತಿ. ಬಡಿಸುತ್ತಿದ್ದ ಬಾಮೈದ ಬಕೆಟ್ಟಿನ ತಳ ಕೆರೆದು, ‘ಬಾಡು ಮುಗ್ದೋಯ್ತು ಬಾವ, ಸಾರು ಬುಡ್ಲಾ?’ ಎಂದ. ಮೂವತ್ತೆರಡು ಹಲ್ಲೂ ಗಟ್ಟಿಯಿರುವ ನಾನು ಮುದ್ದೆ ನುಂಗಿ ಎದ್ದೆ.