ಮುದಕವ್ವನ ಹೆಸರಿನ ರಿಕ್ಲೈನರ್‌ಗಳು

ಇಚಲಕರಂಜಿಯ ಪುಷ್ಪದಂತ ಯಂತ್ರಮಗ್ಗ ಸಹಕಾರಿ ಸಂಘದಲ್ಲಿ ಕಂಡಿಕಿ ಸುತ್ತುವ ಹೆಂಗಸರು ದಿನವಿಡೀ ನಿಂತೇ ಇರತಕ್ಕದ್ದೆಂಬ ನಿಯಮ ಯಾವ ಕಾಲಕ್ಕೂ ಇರಲಿಲ್ಲ. ಕೂಡಲು ಅಲ್ಲಿ ಏನೂ ಇರಲಿಲ್ಲ, ಅಷ್ಟೇ.

ಮಗ್ಗದ ಲಾಳಿಗೆ ಬೇಕಾದ ನೂಲನ್ನು ಯಂತ್ರದ ಮೇಲೆ ಕಂಡಿಕಿಗೆ ಸುತ್ತಿಕೊಡುವುದು ಅವರ ಕೆಲಸ. ಸುತ್ತಿದಷ್ಟಕ್ಕೆ ಕೂಲಿ. ಅವರಲ್ಲೆಲ್ಲ ಹಿರಿಯಳಾದ ಮುದಕವ್ವನ ಬಲ ಮೊಣಕಾಲು ಬಾತುಕೊಂಡಿತ್ತು. ಹೀಗೇ ನಿಂತು ದುಡಿದರೆ ಕಾಲು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಾಲು ಹೋದರೆ ಕೆಲಸವೂ ಹೋಗುತ್ತದೆಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮುದಕವ್ವ ಮ್ಯಾನೇಜರ್ ಅತುಲನ ಟೇಬಲ್ಲಿನ ಮುಂದೆ ಹೋಗಿ ನಿಂತಳು.

“ಕುಂಡ್ರಾಕ ಒಂದು ಸ್ಟೂಲ ಕೊಡ್ರಿ ಸಾಹೇಬ್ರ. ಮುರಕಿದ್ರೂ ನಡೀತೈತಿ. ಕುಂತ ಸುತ್ತತೇನಿ.”

“ಮುರಕ ಸ್ಟೂಲ ಕೊಟ್ರ ಸಂಘದ ಮಾನ ಹೋಗ್ತೈತಿ, ಮುದಕವ್ವಾ,” ಎಂದ ಅತುಲ. ಅವನು ಕೆಟ್ಟ ಮನುಷ್ಯನಲ್ಲ. ವಿಷಯವನ್ನು ಆಡಳಿತ ಮಂಡಳಿಯ ಮುಂದಿಟ್ಟ.

ಚೇರ್ಮನ್ ಬಾಪೂಸಾಹೇಬರು ವಿಷಯದ ಗಾಂಭೀರ್ಯಕ್ಕೆ ತಲೆದೂಗಿದರು. ಅಂದೇ ‘ಮಹಿಳಾ ಕಾರ್ಮಿಕರ ಆಸನ ಉಪಸಮಿತಿ’ ರಚನೆಯಾಯಿತು. ಬಾಪೂಸಾಹೇಬರು ಅಧ್ಯಕ್ಷರು, ನಿರ್ದೇಶಕಿ ಮಾಣಿಕಬಾಯಿ ಸದಸ್ಯರು, ಅತುಲ ಕಾರ್ಯದರ್ಶಿ. ಮುದಕವ್ವನನ್ನು ಫಲಾನುಭವಿಗಳ ಪ್ರತಿನಿಧಿಯೆಂದು ನೇಮಿಸಲಾಯಿತು. ಉಪಸಮಿತಿಯ ಮೊದಲ ಠರಾವು ಹೀಗಿತ್ತು: “ಕೂಡುವ ಸುಖವೆಂದರೇನೆಂದು ಸ್ವತಃ ತಿಳಿಯದ ಮಂಡಳಿಯು ಅದನ್ನು ಕಾರ್ಮಿಕರಿಗೆ ಮಂಜೂರು ಮಾಡುವುದು ಬೇಜವಾಬ್ದಾರಿತನ. ಆದಕಾರಣ ಮೊದಲು ಮಂಡಳಿಯು ಕೂಡತಕ್ಕದ್ದು.”

ಅಧ್ಯಯನಕ್ಕಾಗಿ ಎಲ್ಲರೂ ಕಾರಿನಲ್ಲಿ ಕೊಲ್ಹಾಪುರಕ್ಕೆ ಹೊರಟರು. ದಾರಿಯ ಹಾತಕಣಂಗಲೆ ಊರಿನವರೆಗೆ ಮುದಕವ್ವ ಸೀಟಿನಲ್ಲಿ ಪೂರಾ ಕೂತಿದ್ದಳು. ಇದನ್ನೂ ಆಸನವೆಂದು ಲೆಕ್ಕಕ್ಕೆ ಹಿಡಿದಾರೆಂದು ಆಮೇಲೆ ಅಂಜಿಕೆಯಾಗಿ ತುದಿಗೆ ಸರಿದಳು.

ಅಂಗಡಿಯಲ್ಲಿ ಸ್ಟೂಲುಗಳಿರಲಿಲ್ಲ. ಚರ್ಮದ ರಿಕ್ಲೈನರ್‌ಗಳಿದ್ದವು. ಬೆನ್ನು ಹಿಂದಕ್ಕೆ ಬಾಗುವ, ಕಾಲು ಮುಂದಕ್ಕೆ ಏಳುವ ಒರಗು ಕುರ್ಚಿಗಳು. ಅಂಗಡಿಯ ಕುಣಾಲ ಮೂಲತಃ ಗಡಹಿಂಗ್ಲಜದ ಕಡೆಯವನು, ಕನ್ನಡದಲ್ಲೇ ಶುರು ಮಾಡಿದ.

“ಕುಶನ್ ಮೂರು ಥರ ಅದಾವ್ರಿ. ಗಟ್ಟಿ ಫೋಮು ನಡಕ್ಕ ಚಲೋ. ಸ್ಪ್ರಿಂಗು ಭಾಳ ದಿನ ಬಾಳತೈತಿ. ಮೆತ್ತಂದು ಬರೇ ಸುಖಕ್ಕ. ಯಾರ ಕುಂಡ್ರಾವ್ರು?”

“ಕೂಲಿ ಹೆಂಗಸರು,” ಎಂದು ಬಾಪೂಸಾಹೇಬರು ಮೆತ್ತನೆಯದರಲ್ಲಿ ಕೂತರು. ಕಣ್ಣು ಮುಚ್ಚಿ ಬಹಳ ಹೊತ್ತು ಅಧ್ಯಯನ ಮಾಡಿದರು. ಮಾಣಿಕಬಾಯಿ ಗಟ್ಟಿ ಕುಶನ್ನನ್ನು ಕೈಬೆರಳಿನಿಂದ ಒತ್ತಿ ನೋಡಿದರು. ಮುದಕವ್ವ ಕಂಬಕ್ಕೆ ಆನಿಕೊಂಡು ನಿಂತಿದ್ದಳು. ಕುಣಾಲನಿಗೆ ಕನಿಕರ ಬಂದಿರಬೇಕು.

“ಮಾವಶಿ, ನೀವೂ ಒಂದೀಟ ಕುಂತ ನೋಡ್ರಿ.”

“ಬ್ಯಾಡ,” ಎಂದರು ಬಾಪೂಸಾಹೇಬರು, ಕಣ್ಣು ತೆರೆಯದೆ. “ಫಲಾನುಭವಿ ನಿಷ್ಪಕ್ಷಪಾತಿ ಇರಬೇಕು. ಒಮ್ಮೆ ಕುಂತ್ಲಂದ್ರ ಕುಂಡ್ರೂದರ ಪರವಾಗಿನ ಮಾತಾಡ್ತಾಳ.”

ಅಷ್ಟರಲ್ಲಿ ಮಾಣಿಕಬಾಯಿ ಬೆರಳು ಮೂಸಿ ನೋಡಿಕೊಂಡರು. ಅವರು ಚರ್ಮದ ಚಪ್ಪಲಿ ಮೆಟ್ಟದವರು, ನೆಲದೊಳಗೆ ಬೆಳೆದ ಗಡ್ಡೆ ಗೆಣಸು ಮುಟ್ಟದವರು, ಹೊತ್ತು ಮುಳುಗಿದ ಮೇಲೆ ಉಣ್ಣದವರು.

“ಇದು ಖರೇ ಚರ್ಮದ್ದೇನೋ ತಮ್ಮಾ?”

“ಶಂಭರ್ ಟಕ್ಕೆ, ನೂರಕ್ಕ ನೂರು ಖರೇ ರೀ, ಬಾಯಾರ. ಬ್ಯಾಡಂದ್ರ ರೆಕ್ಸಿನ್ ಐತಿ.”

“ಬ್ಯಾಡ ಬಿಡು ಚರ್ಮ. ಧರ್ಮಕ್ಕ ಬರೂದಿಲ್ಲ.”

“ರೆಕ್ಸಿನ್ ಸಂಘದ ಇಜ್ಜತ್ತಿಗೆ ಬರೂದಿಲ್ಲ,” ಎಂದರು ಬಾಪೂಸಾಹೇಬರು, ಮಲಗಿದಲ್ಲಿಂದಲೇ.

ಧರ್ಮಕ್ಕೂ ಇಜ್ಜತ್ತಿಗೂ ಹೀಗೆ ಜಗಳ ಹತ್ತಿದಾಗ ದಾರಿ ತೋರಿಸಲೆಂದೇ ಸಂಘಗಳು ಮ್ಯಾನೇಜರರನ್ನು ಇಟ್ಟುಕೊಂಡಿರುತ್ತವೆ. ಅತುಲ ಬಿಡಿಸಿ ಹೇಳಿದ. ಕುರ್ಚಿಗಳು ಮಹಿಳಾ ಕಾರ್ಮಿಕರ ಸಲುವಾಗಿ ಬರುವಂಥವು. ಆದ್ದರಿಂದ ಮುದಕವ್ವನ ಹೆಸರಿನಲ್ಲೇ ಖರೀದಿ ಆಗಬೇಕು. ಮೇಲೆ ಸಂಘದ್ದೇ ಕೋರಾ ಬಟ್ಟೆಯ ಗವಸು ಹಾಕಿದರೆ ನಿರ್ದೇಶಕರು ಕೂಡುವುದು ಶುದ್ಧ ಹತ್ತಿಯ ಮೇಲೆ.

“ಮತ್ತ ಪಾಪ?” ಎಂದರು ಮಾಣಿಕಬಾಯಿ.

“ಅದೂ ಫಲಾನುಭವಿ ಹೆಸರಿಗೇ ಜಮಾ ಆಗ್ತೈತ್ರಿ, ಬಾಯಾರ.”

ಮಾಣಿಕಬಾಯಿ ನ್ಯಾಯವಂತ ಹೆಂಗಸು, ಕೇಳದೆ ಯಾರ ಮೇಲೂ ಏನನ್ನೂ ಹೊರಿಸುವವರಲ್ಲ. “ಮುದಕವ್ವಾ, ಪಾಪ ಅದ ನೋಡವಾ. ಹೊತಗೊಳ್ಳಾಕಿ ಏನು?”

“ನಿಂತs ಇದ್ದೇನಲ್ರಿ, ಹೊರಸ್ರಿ,” ಎಂದಳು ಮುದಕವ್ವ. “ನನ್ನ ಸ್ಟೂಲ ಯಾವಾಗ ಬರತೈತಿ?”

“ಅದು ಎರಡನೇ ಹಂತ,” ಎಂದ ಅತುಲ.

ಉಳಿದದ್ದು ಕುರ್ಚಿ ಬಾಗಿಸುವ ಬಗೆ. ಕೈಯಿಂದ ಎಳೆಯುವ ಹಿಡಿಕೆ, ಒಂದು ಮೋಟರು, ಇಲ್ಲವೇ ಬೆನ್ನಿಗೊಂದು ಕಾಲಿಗೊಂದು ಎರಡು ಮೋಟರು. ಕರೆಂಟು ಹೋದಾಗ ಬೇಕೆಂದರೆ ಬ್ಯಾಟರಿ ಬೇರೆ. ಹಿಡಿಕೆಯನ್ನು ಬಾಪೂಸಾಹೇಬರು ತತ್ವದ ಮೇಲೆ ತಿರಸ್ಕರಿಸಿದರು. ಹಿಡಿಕೆ ಎಳೆಯುವುದು ಶ್ರಮ, ಶ್ರಮಪಟ್ಟವನು ಕಾರ್ಮಿಕ, ಕಾರ್ಮಿಕನು ನಿರ್ದೇಶಕನಾಗಿರಲು ಬರುವುದಿಲ್ಲ. ಬ್ಯಾಟರಿಯನ್ನು ಮಿತವ್ಯಯದ ದೃಷ್ಟಿಯಿಂದ ಬಿಡಲಾಯಿತು. ಎರಡು ಮೋಟರಿನವು, ನಿರ್ದೇಶಕರಿಗೆ ತಲೆಗೊಂದರಂತೆ, ಹನ್ನೊಂದು ನಿಶ್ಚಯವಾದವು. ಕುಶನ್ನಿನ ವಿಷಯದಲ್ಲಿ ಒಮ್ಮತ ಬಾರದೆ ಆರು ಮೆತ್ತಗಿನವು, ಐದು ಗಟ್ಟಿ. ಗವಸುಗಳನ್ನು ಕಂಡಿಕಿ ಖಾತೆಯ ಹೆಂಗಸರು ಹೊಲಿದರು, ನಿಂತುಕೊಂಡು.

ಹೊಸ ಕುರ್ಚಿಗಳ ಮೊದಲ ಸಭೆ ಹೊತ್ತು ಮುಳುಗುವ ಮುನ್ನ ಊಟ ಮುಗಿಸಿಕೊಂಡು ಆರಂಭವಾಯಿತು. ಬಾಪೂಸಾಹೇಬರು ಗುಂಡಿ ಒತ್ತಿದರು. ಕಾಲು ಎದ್ದವು, ಬೆನ್ನು ಇಳಿಯಿತು, ತಲೆಗಿಂತ ಕಾಲು ಮೇಲಾದ ಹೊತ್ತಿಗೆ ಕುರ್ಚಿ ನಿಂತುಬಿಟ್ಟಿತು. ಎಷ್ಟು ಒತ್ತಿದರೂ ಅಲುಗಲಿಲ್ಲ.

“ಚೇರ್ಮನ್ರ ಕಾಣವಲ್ರು,” ಎಂದರು ಒಬ್ಬರು.

“ಇಲ್ಲೇ ಅದೇನಿ,” ಎಂದು ಕೆಳಗಿನಿಂದ ದನಿ ಬಂತು. “ಮುಂದಿನ ವಿಷಯ ತಗೋರಿ.”

ವೈರಮನ್ ಸಿದ್ಧಲಿಂಗನನ್ನು ಕರೆಸಿದರು. ಅವನು ಬಾಪೂಸಾಹೇಬರ ಅಂಗಾಲುಗಳಿಗೆ ನಮಸ್ಕಾರ ಮಾಡಿ, ಕಂಡಿಕಿ ಯಂತ್ರಗಳೂ ಕುರ್ಚಿಗಳೂ ಒಂದೇ ಲೈನಿನ ಮೇಲಿವೆ, ಅವು ತಿರುಗಿದರೆ ಇವಕ್ಕೆ ವೋಲ್ಟೇಜು ಸಾಲದು ಎಂದ. ಮರುದಿನ ಫಲಕದ ಮೇಲೆ ಪ್ರಕಟಣೆ ಬಂತು:

“ಮಂಡಳಿಯ ಕುರ್ಚಿಗಳು ಒರಗಿರುವಷ್ಟು ಕಾಲ ಕಂಡಿಕಿ ಖಾತೆಯ ಮುಖ್ಯ ಸ್ವಿಚ್ಚು ಬಂದ್ ಇರತಕ್ಕದ್ದು. ಆ ಅವಧಿಯಲ್ಲಿ ಮಹಿಳಾ ಕಾರ್ಮಿಕರು ನೆಲದ ಮೇಲೆ ಕೂಡಲು ಅಡ್ಡಿಯಿಲ್ಲ. ಯಂತ್ರ ತಿರುಗದ ಅವಧಿಗೆ ಕೂಲಿ ಇರುವುದಿಲ್ಲ. ಈ ಮೂಲಕ ಆಸನದ ಬೇಡಿಕೆ ಸಂಪೂರ್ಣ ಈಡೇರಿದ್ದು, ಎರಡನೇ ಹಂತದ ಅಗತ್ಯ ಉಳಿದಿಲ್ಲ.”

ಮುಂದಿನ ಸಭೆಯ ದಿನ ಸ್ವಿಚ್ಚು ಬಂದಾಯಿತು. ಮುದಕವ್ವ ಗೋಡೆಗೆ ಬೆನ್ನು ಕೊಟ್ಟು, ಬಲಗಾಲು ನೀಡಿ, ನೆಲದ ಮೇಲೆ ಕೂತಳು. ಎಷ್ಟೋ ವರ್ಷಗಳ ಮೇಲೆ ಆ ಹೊತ್ತಿನಲ್ಲಿ ಕೂತಿದ್ದಳು. ಕರೆಂಟು ಬಂದಾಗ ಏಳಲಾಗಲಿಲ್ಲ. ಜತೆಗೆ ಕಂಡಿಕಿ ಸುತ್ತುವ ಶಿವವ್ವ, ಸಾಕ್ಷಿ ಎಂಬಿಬ್ಬರು ಒಂದೊಂದು ರಟ್ಟೆ ಹಿಡಿದು ಎತ್ತಿದರು. ಅದನ್ನು ಬಾಗಿಲಲ್ಲಿ ನಿಂತು ನೋಡಿದ ಬಾಪೂಸಾಹೇಬರು ಕಣ್ಣು ಒರೆಸಿಕೊಂಡರು. ನಡಾವಳಿಯಲ್ಲಿ ಬರೆಸಿದರು: “ಫಲಾನುಭವಿಗೆ ಏಳಲು ಮನಸ್ಸಾಗದಷ್ಟು ಸಮಾಧಾನವಾಗಿದೆ.”

ಸಭೆಯ ದಿನ ಮುದಕವ್ವನಿಗೆ ಕೂಲಿ ಕಡಿಮೆ ಬೀಳುತ್ತಿತ್ತು. ಮರುದಿನ ಮೊಣಕಾಲಿನ ಬಾವು ಒಂದಿಷ್ಟು ಇಳಿದಿರುತ್ತಿತ್ತು. ಕೂಲಿ ಹೋದರೆ ಹೋಗಲಿ, ಕಾಲಾದರೂ ಉಳಿದರೆ ಮುಂದೆ ಕೂಲಿ ಹುಟ್ಟೀತು ಎಂದುಕೊಂಡಳು. “ಈ ವಾರ ಮೀಟಿಂಗ ಇಲ್ಲೇನ್ರಿ?” ಎಂದು ಅತುಲನನ್ನು ಅವಳೇ ಕೇಳತೊಡಗಿದಳು. ಕಾರ್ಮಿಕರಿಗೆ ಆಡಳಿತದಲ್ಲಿ ಇಷ್ಟೊಂದು ಆಸಕ್ತಿ ಹುಟ್ಟಿದ್ದು ನೋಡಿ ಮಂಡಳಿ ಸಭೆಗಳನ್ನು ಹೆಚ್ಚಿಸಿತು.

ಸುದ್ದಿ ಹಬ್ಬಿತು. ಗಡಹಿಂಗ್ಲಜದ ಒಂದು ಗೋಡಂಬಿ ಸಂಘದವರು ಅಧ್ಯಯನಕ್ಕೆ ಬಂದರು. ಅಲ್ಲಿಯೂ ಯಂತ್ರದ ಮುಂದೆ ಬೀಜ ಆರಿಸುವ ಹೆಂಗಸರಿಗೆ ಕೂಡಲು ಏನೂ ಇರಲಿಲ್ಲ. ಫಲಾನುಭವಿಗಳ ಪ್ರತಿನಿಧಿಯಾಗಿ ಹೌಸಾಬಾಯಿ ಎಂಬವಳು ಜತೆಗಿದ್ದಳು. ಒಳಗೆ ಅವರ ನಿರ್ದೇಶಕರೂ ಇವರ ನಿರ್ದೇಶಕರೂ ಒರಗಿಕೊಂಡ ಮೇಲೆ ಕಂಡಿಕಿ ಖಾತೆ ಸ್ತಬ್ಧವಾಗಿ, ಸಭೆಯ ಗೊರಕೆ ಹೊರಗೂ ಕೇಳತೊಡಗಿತು. ಹೌಸಾಬಾಯಿ ಬಂದು ಮುದಕವ್ವನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಅಕ್ಕಾ, ನಮ್ಮವರು ನಾಳೆ ಕೊಲ್ಹಾಪುರಕ್ಕ ಹೊಂಟಾರ. ಗಟ್ಟಿದೋ ಮೆತ್ತಂದೋ ಅಂತ ನನ್ನ ಕೇಳಿದ್ರ ಏನ್ ಹೇಳಲಿ?”

ಮುದಕವ್ವ ಮೊಣಕಾಲು ತಿಕ್ಕಿಕೊಳ್ಳುತ್ತ ಯೋಚಿಸಿದಳು. ಹೆಂಗಸಿನ ಬಾಳುವೆಯ ಪ್ರಶ್ನೆ, ಸುಮ್ಮನೆ ಉತ್ತರ ಕೊಡುವಂಥದ್ದಲ್ಲ.

“ಎಲ್ಲಾ ಮೆತ್ತನೂವs ತಗೊಳ್ಳಾಕ ಹೇಳವಾ,” ಎಂದಳು. “ಗಟ್ಟಿದರ ಮ್ಯಾಲ ಮಲಗಿದವ್ರು ಲಗೂನ ಎಚ್ಚರಾಗ್ತಾರ.”